ವೀರಗಲ್ಲಿಗೆ ಟೀ ಅಭಿಷೇಕ

ಪೀಣ್ಯದ ಕಾರ್ಖಾನೆಗಳಲ್ಲಿ ಯಾರೂ ಬರೆದಿಡದ ಒಂದು ನಿಯಮವಿದೆ. ಫಾರಿನ್ ಬಯರ್ ಬರುತ್ತಾನೆ ಅಂದರೆ ಹಿಂದಿನ ದಿನವೇ ಮಾಲನ್ನೆಲ್ಲ ಬ್ಲಾಸ್ಟಿಂಗ್ ಮಾಡಿ ಇಟ್ಟಿರಬೇಕು. ಒಳಗೆ ಗುಳ್ಳೆಯೇ ಇರಲಿ, ಬಿರುಕೇ ಇರಲಿ, ಮೇಲೆ ಮಾತ್ರ ಒಂದು ಚುಕ್ಕೆ ತುಕ್ಕು ಕಾಣಬಾರದು. ಎರಡನೇ ಹಂತದ ಹಿಂದಿನ ರಸ್ತೆಯಲ್ಲಿ ಶಾಟ್ ಬ್ಲಾಸ್ಟಿಂಗ್ ಶೆಡ್ ಇಟ್ಟುಕೊಂಡಿದ್ದ ವಸಂತ್ ಇಪ್ಪತ್ತು ವರ್ಷ ಈ ನಿಯಮವನ್ನೇ ಉಂಡು, ಈ ನಿಯಮವನ್ನೇ ಹೊದ್ದು ಬದುಕಿದವನು. ಗಾಳಿಯ ಒತ್ತಡದಲ್ಲಿ ಉಕ್ಕಿನ ಪುಡಿಯನ್ನು ಪೈಪಿನಿಂದ ರಪರಪನೆ ಹೊಡೆದರೆ ಎಂಥ ಹಳೆಯ ಕಬ್ಬಿಣವೂ ಬೆಳ್ಳಗಾಗುತ್ತದೆ. ಅದೇ ಅವನ ಕೆಲಸ, ಅದೇ ಅವನ ಹೆಮ್ಮೆ. ಮನೆಗೆ ಬಂದರೂ ಗೇಟಿನ ಕೀಲಿನಲ್ಲೋ ಟ್ಯಾಂಕಿನ ಮುಚ್ಚಳದಲ್ಲೋ ತುಕ್ಕು ಕಂಡರೆ ಅವನ ಮುಖ ಹುಣಸೆಹಣ್ಣು ತಿಂದ ಹಾಗಾಗುತ್ತಿತ್ತು.

ಇಂಥವನ ಮನೆಯ ಪಕ್ಕದಲ್ಲೇ ಸಾವಿರ ವರ್ಷದ ಕೊಳೆ ಹೊತ್ತು ಒಂದು ಕಲ್ಲು ನಿಂತಿದ್ದದ್ದು ಆ ಕಲ್ಲಿನ ಗ್ರಹಚಾರ, ಇನ್ನೇನು.

ನಾಗಸಂದ್ರದ ಮೆಟ್ರೊ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಅವನ ಅಪ್ಪ ಗೋಪಾಲಪ್ಪ ಕಟ್ಟಿಸಿದ ಬಾಡಿಗೆ ಮನೆಗಳ ಸಾಲು ಸಿಗುತ್ತದೆ. ಸಾಲು ಮುಗಿಯುವಲ್ಲಿ ಕರೆಂಟಿನ ಟ್ರಾನ್ಸ್‌ಫಾರ್ಮರ್, ಅದರ ಪಕ್ಕ ಎದೆಮಟ್ಟದ ವೀರಗಲ್ಲು. ಹಿಂದೆ ಅದು ಊರ ದನ ಮೇಯುತ್ತಿದ್ದ ಗೋಮಾಳ, ಈಗ ಬಾಡಿಗೆಯವರು ಬೈಕು ನಿಲ್ಲಿಸುವ ಜಾಗ. ಕಲ್ಲಿನ ಕೆಳಗಿನ ಪಟ್ಟಿಯಲ್ಲಿ ಬಿಲ್ಲು ಹಿಡಿದ ಒಬ್ಬ, ಅವನ ಬೆನ್ನ ಹಿಂದೆ ಮೂರು ದನ. ನಡುವಿನ ಪಟ್ಟಿಯಲ್ಲಿ ಸತ್ತ ಅವನನ್ನು ಇಬ್ಬರು ದೇವಕನ್ಯೆಯರು ಮೇಲಕ್ಕೆ ಎತ್ತಿಕೊಂಡು ಹೋಗುತ್ತಿದ್ದರು. ತುದಿಯಲ್ಲಿ ಅವನೇ ಲಿಂಗದ ಮುಂದೆ ಕೈಮುಗಿದು ಕೂತಿದ್ದ. ಪಟ್ಟಿಗಳ ಮಧ್ಯೆ ಮೂರು ಸಾಲು ಅಕ್ಷರ. ಗೋಪಾಲಪ್ಪ ಬದುಕಿದ್ದಾಗ ಗೇಟಿಗೆ ಹೊಡೆಸಿ ಮಿಕ್ಕ ಸಿಲ್ವರ್ ಪೇಂಟನ್ನು ಸುಮ್ಮನೆ ಯಾಕೆ ಹಾಳು ಮಾಡಬೇಕೆಂದು ಕಲ್ಲಿಗೂ ಬಳಿದಿದ್ದ. ಅದರ ಮೇಲೆ ವರ್ಷವರ್ಷದ ಎಣ್ಣೆ, ಅರಿಶಿನ, ದೀಪದ ಮಸಿ.

ಎಣ್ಣೆ, ಅರಿಶಿನ ವಸಂತನ ತಾಯಿ ಭದ್ರಮ್ಮನದು. ಊರ ದನಗಳನ್ನು ಕಳ್ಳರ ಕೈಯಿಂದ ಬಿಡಿಸಲು ಹೋಗಿ ಸತ್ತವನು ತಮ್ಮ ವಂಶದ ಹಿರಿಯನೆಂದು ಆಕೆಗೆ ಅತ್ತೆ ಹೇಳಿದ್ದಳು, ಅತ್ತೆಗೆ ಅವಳ ಅತ್ತೆ. ಮನೆಯಲ್ಲಿ ಹಸು ಕರು ಹಾಕಿದರೆ ಗಿಣ್ಣು ಹಾಲು ಮೊದಲು ಅವನಿಗೆ, ಆಮೇಲೆ ಮಕ್ಕಳಿಗೆ. ಹಸು ಮಾರಿ ಇಪ್ಪತ್ತೈದು ವರ್ಷವಾದರೂ ಪ್ರತಿ ಸೋಮವಾರ ಪ್ಯಾಕೆಟ್ ಹಾಲನ್ನಾದರೂ ಚೊಂಬಿಗೆ ಬಗ್ಗಿಸಿಕೊಂಡು ಹೋಗಿ ಕಲ್ಲಿನ ನೆತ್ತಿಗೆ ಹೊಯ್ಯುತ್ತಿದ್ದಳು. ಕಣ್ಣು ಮಂಜಾಗಿ ಆರು ವರ್ಷ. ಓದು ಬರಹ ಮೊದಲಿನಿಂದಲೂ ಇಲ್ಲ. ಆದರೆ ಹೊಯ್ದ ಹಾಲು ಅಕ್ಷರಗಳ ಗುಳಿಯಲ್ಲಿ ಒಂದು ಗಳಿಗೆ ನಿಂತು, ತುಂಬಿ, ಆಮೇಲೆ ಕೆಳಗಿನ ಸಾಲಿಗೆ ಇಳಿಯುವುದನ್ನು ಬೆರಳಿಟ್ಟು ಹಿಡಿಯುತ್ತಿದ್ದಳು. ಇಷ್ಟು ವರ್ಷ ತನ್ನ ಕೈಯ ಹಾಲು ಉಂಡವನ ಹೆಸರೇನೆಂದು ತಿಳಿಯಲಿಲ್ಲವಲ್ಲ ಅನ್ನುವುದೊಂದೇ ಆಕೆಯ ಕೊರಗು.

“ಸಾಯಾದ್ರೊಳ್ಗೆ ಅವ್ನ ಎಸ್ರು ಒಂದ್ಸಲ ಕಿವಿಗೆ ಬೀಳ್ಬೇಕು ಕಣಪ್ಪ” ಎಂದು ಮಗನಿಗೆ ಎಷ್ಟೋ ಸಲ ಹೇಳಿದ್ದಳು. “ಎಸ್ರಿಡಿದು ಕರೀದಂಗೆ ಎಷ್ಟ್ ದಿನ ಅಂತ ಉಣ್ಣಾಕಿಕ್ಕಾದು?”

ಹೆಸರು ಓದಬಲ್ಲವರು ಮನೆ ಬಾಗಿಲಿಗೇ ಬಂದಿದ್ದರು. ಸೌಮ್ಯಾ ಅಂತ, ಹತ್ತಿರದ ಪದವಿ ಕಾಲೇಜಿನಲ್ಲಿ ಇತಿಹಾಸದ ಮೇಡಂ. ರಜೆ ದಿನ ಸ್ಕೂಟರಿನಲ್ಲಿ ಕಾಗದದ ಸುರುಳಿ, ಕುಂಚ, ನೀರಿನ ಕ್ಯಾನು ಹೇರಿಕೊಂಡು ಊರೂರ ಶಾಸನ ಹುಡುಕುವುದು ಅವರ ಹುಚ್ಚು. ಕಲ್ಲಿನ ಪಕ್ಕದಿಂದ ಟಾರ್ಚು ಬಿಟ್ಟು, ಪೇಂಟಿನ ದಪ್ಪದ ಕೆಳಗೆ ಒಂದೇ ಒಂದು ಪದವನ್ನು ಗ್ಯಾರಂಟಿಯಾಗಿ ಓದಿದ್ದರು. ಎರಡನೇ ಸಾಲಿನಲ್ಲಿ ‘ಮಗ’ ಎಂದಿತ್ತು. ಇಂಥವನ ಮಗ ಇಂಥವನು ದನಗಳಿಗಾಗಿ ಸತ್ತ ಎಂದು ಇರುತ್ತದೆ, ಆಚೆ ಈಚೆ ಎರಡು ಹೆಸರು ಇದ್ದೇ ಇರುತ್ತವೆ ಎಂದರು. ಪೇಂಟನ್ನು ಹತ್ತಿಯಲ್ಲಿ ನೆನೆಸಿ ನೆನೆಸಿ ಮೂರು ದಿನ ಮೆತ್ತಗೆ ಬಿಡಿಸಬೇಕು, ಆಮೇಲೆ ಒದ್ದೆ ಕಾಗದ ಒತ್ತಿ ಮಸಿ ತಟ್ಟಿ ಅಚ್ಚು ತೆಗೆಯಬೇಕು, ಅಪ್ಪಣೆ ಕೊಡಿ ಸಾಕು ಎಂದು ಕೇಳಿಕೊಂಡರು.

ವಸಂತ್ ಅಪ್ಪಣೆ ಕೊಡಲಿಲ್ಲ. ಅವನ ದೊಡ್ಡಪ್ಪನ ಮಗ ದೇವರಾಜ್, ಸೈಟ್ ವ್ಯವಹಾರದವನು, ಕಿವಿಯೂದಿದ್ದ. ಕಲ್ಲಿನಲ್ಲಿ ಅಕ್ಷರ ಇದೆ ಅಂತ ಸರ್ಕಾರಕ್ಕೆ ಗೊತ್ತಾದರೆ ಬಂದು ಸಂರಕ್ಷಿತ ಸ್ಮಾರಕ ಅಂತ ನೀಲಿ ಬೋರ್ಡು ನೆಡುತ್ತಾರೆ, ಆಮೇಲೆ ಸುತ್ತಮುತ್ತ ಒಂದು ಬುಟ್ಟಿ ಮಣ್ಣು ತೆಗೆಯಲೂ ಬಿಡುವುದಿಲ್ಲ, ನೀನು ಕಟ್ಟಬೇಕೆಂದಿರುವ ನಾಲ್ಕು ಅಂತಸ್ತಿಗೆ ಎಳ್ಳು ನೀರು ಅಂತ. ಸೌಮ್ಯಾ ಫೋನ್ ಮಾಡಿದಾಗಲೆಲ್ಲ ವಸಂತ್ ಮುಂದಿನ ವಾರ ನೋಡೋಣ ಮೇಡಂ ಅನ್ನುತ್ತಿದ್ದ. ಹೀಗೆ ಎರಡು ವರ್ಷದ ಮುಂದಿನ ವಾರಗಳು ಕಳೆದವು. ಒಳಗೆ ಭದ್ರಮ್ಮ, ಆ ಮೇಡಂ ಬಂದಿದ್ರಾ ಅಂತ ಕೇಳುತ್ತಿದ್ದಳು, ಇವನು ಇಲ್ಲ ಅನ್ನುತ್ತಿದ್ದ.

ಹೀಗಿರುವಾಗ ಟೀವಿಯವರು ಬಂದರು.

ಹಳೆಯ ಕಾಲದ ಬಗ್ಗೆ ಟೀವಿಯಲ್ಲಿ ಬರುವ ಡಾಕ್ಯುಮೆಂಟರಿಗಳನ್ನು ನೀವೂ ನೋಡಿರುತ್ತೀರಿ. ಡ್ರೋನು ಮೋಡದಿಂದ ಇಳಿಯುತ್ತದೆ. ಯಾರೋ ಸತ್ತಂತೆ ಸಂಗೀತ ಬರುತ್ತದೆ. ಟೋಪಿ ಹಾಕಿದವನೊಬ್ಬ ಕುಂಚ ಹಿಡಿದು, ಬೆಳಿಗ್ಗೆಯಿಂದ ಗುಡಿಸಿಟ್ಟಿರುವ ಕಲ್ಲನ್ನು ಮತ್ತೆ ಗುಡಿಸಿ ಬೆಚ್ಚಿಬೀಳುತ್ತಾನೆ. ಇದರ ರಹಸ್ಯವೇನು ಎಂದು ಒಂದು ದನಿ ಕೇಳುತ್ತದೆ, ಅಷ್ಟರಲ್ಲಿ ಸೋಪಿನ ಜಾಹೀರಾತು. ಭಾನುವಾರದ ಬಾಡೂಟ ಮುಗಿಸಿ ಸೋಫಾದಲ್ಲಿ ಕಾಲು ಚಾಚಿ ವಸಂತ್ ಇವನ್ನೆಲ್ಲ ಬಾಯಿಬಿಟ್ಟು ನೋಡುತ್ತಿದ್ದ. ಅವುಗಳಲ್ಲಿ ಅವನಿಗೆ ಬಹಳ ಹಿಡಿಸಿದ್ದವಳು ಡಾಕ್ಟರ್ ಓರ್ಲಾ, ಐರ್ಲೆಂಡಿನ ಪುರಾತತ್ವದವಳು. ಕೆಂಚುಗೂದಲಿನ, ಐವತ್ತು ದಾಟಿದ ಹೆಂಗಸು. ಟೋಪಿ ಹಾಕುತ್ತಿರಲಿಲ್ಲ, ಬೆಚ್ಚಿಬೀಳುತ್ತಿರಲಿಲ್ಲ, ಮಳೆಯಲ್ಲಿ ಕೆಸರಿನಲ್ಲೇ ಮಂಡಿಯೂರಿ ಕಲ್ಲಿನ ಅಂಚು ಸವರುತ್ತಾ ಮಾತಾಡುತ್ತಿದ್ದಳು. ಅವಳ ದೇಶದಲ್ಲೂ ನಿಲ್ಲಿಸಿದ ಕಲ್ಲುಗಳಿದ್ದವು, ಅಂಚಿನುದ್ದಕ್ಕೂ ಗೀರುಗೀರಾದ ಅಕ್ಷರಗಳಿದ್ದವು. ಬೇರೇನೂ ಇಲ್ಲ, ಇಂಥವನ ಮಗ ಇಂಥವನು ಎಂದಷ್ಟೇ.

ಆ ಓರ್ಲಾ ದೇಶದೇಶಗಳ ಇಂಥ ನೆನಪಿನ ಕಲ್ಲುಗಳ ಮೇಲೆ ಸರಣಿ ಮಾಡುತ್ತಿದ್ದಾಳೆ, ಬೆಂಗಳೂರಿನ ಕಾರ್ಖಾನೆಗಳ ನಡುವೆ ಸಿಕ್ಕಿಹಾಕಿಕೊಂಡ ಒಂದು ಕಲ್ಲು ಬೇಕು ಎಂದು ಐಶ್ವರ್ಯಾ ಎಂಬ ಹುಡುಗಿ ಬಂದಳು. ಟೀವಿಯವರಿಗೆ ಊಟ, ವ್ಯಾನು, ಪರ್ಮಿಷನ್ನು ಹೊಂದಿಸಿಕೊಡುವವಳು ಅವಳು. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗಾಯಿತು. ಎರಡು ವರ್ಷ ಸೌಮ್ಯಾಗೆ ಸಿಗದ ಅಪ್ಪಣೆ ಐಶ್ವರ್ಯಾಗೆ ಎರಡೇ ನಿಮಿಷದಲ್ಲಿ ಸಿಕ್ಕಿತು. ನೀಲಿ ಬೋರ್ಡಿನ ಭಯ ಎಲ್ಲಿ ಹೋಯಿತೋ ಕಾಣೆ. ದೇವರಾಜನೇ ಫ್ಲೆಕ್ಸ್ ಮಾಡಿಸಿದ. ಐರ್ಲೆಂಡ್ ವಿಜ್ಞಾನಿಗಳಿಗೆ ಹಾರ್ದಿಕ ಸ್ವಾಗತ ಎಂಬ ಅಕ್ಷರಗಳ ಕೆಳಗೆ ಕೈಮುಗಿದ ವಸಂತ್, ಅವನಿಗಿಂತ ದೊಡ್ಡದಾಗಿ ದೇವರಾಜ್, ಮೂಲೆಯಲ್ಲಿ ಅಂಗೈಯಗಲದ ವೀರಗಲ್ಲು.

ಐಶ್ವರ್ಯಾ ಕಲ್ಲಿನ ಫೋಟೊ ತೆಗೆದು ಕಳಿಸಿದ್ದಳು. ಅದನ್ನು ನೋಡಿದ ಡೈರೆಕ್ಟರ್, ಇದು ಹೋದ ವಾರ ಪೇಂಟ್ ಮಾಡಿದ ಹಾಗಿದೆ, ಪ್ರಾಚೀನವಾಗಿ ಕಾಣುವುದಿಲ್ಲ ಎಂದನಂತೆ. ಏನಾದರೂ ಮಾಡಕ್ಕಾಗುತ್ತಾ ಎಂದು ಅವಳು ಫೋನಿನಲ್ಲಿ ಕೇಳಿದಳು. ವಸಂತ್ ನಕ್ಕುಬಿಟ್ಟ. ಅಯ್ಯೋ, ಅದೇ ನನ್ನ ಕೆಲಸ ಮೇಡಂ ಎಂದ. ಈ ಮಾತನ್ನು ಅವಳು ಓರ್ಲಾಗೆ ತಿಳಿಸಬೇಕಿತ್ತು. ನೂರು ಕೆಲಸದಲ್ಲಿ ಮರೆತಳು.

ಕಲ್ಲನ್ನು ಕ್ರೇನಿನಲ್ಲಿ ಎತ್ತಿ ಶೆಡ್ಡಿಗೆ ತಂದರು. ಬ್ಲಾಸ್ಟಿಂಗ್ ಪೈಪು ಹಿಡಿಯುವವನು ಮುರಿಗೆಪ್ಪ, ಬಾಗಲಕೋಟೆ ಕಡೆಯವನು, ಹನ್ನೊಂದು ವರ್ಷದಿಂದ ಅಲ್ಲೇ ಇದ್ದವನು. ಮುಖಕ್ಕೆ ಮುಸುಕು ಹಾಕಿಕೊಳ್ಳುವ ಮೊದಲು ಅವನು ಕಲ್ಲಿಗೆ ಕೈಮುಗಿದ. ಆಮೇಲೆ ಮುಸುಕು ಹಾಕಿಕೊಳ್ಳಲೇ ಇಲ್ಲ, ಕೈಯಲ್ಲೇ ಹಿಡಿದು ನಿಂತ.

“ಮಾಲಕ್ರ, ಇದು ಕಬ್ಬಣಲ್ರಿ, ಕಲ್ಲೈತಿ. ಅಕ್ಷರ ಅದಾವ್ರಿ ಇದರಾಗ.”

ಪ್ರೆಶರ್ ಕಮ್ಮಿ ಇಟ್ಟು ಹೊಡಿ, ಏನೂ ಆಗಲ್ಲ ಎಂದ ವಸಂತ್. ಕಮ್ಮಿ ಪ್ರೆಶರಿಗೆ ಎಣ್ಣೆಯ ಜಿಡ್ಡು ಹೋಯಿತು, ಅರಿಶಿನ ಹೋಯಿತು. ಸಿಲ್ವರ್ ಪೇಂಟು ಜಗ್ಗಲಿಲ್ಲ, ಅದರಲ್ಲೂ ಅಕ್ಷರಗಳ ಗುಳಿಯಲ್ಲಿ ಕೂತ ಪೇಂಟು. ಇನ್ನೊಂದು ಚೂರು ಜಾಸ್ತಿ ಮಾಡು ಎಂದ. ಮತ್ತೂ ಒಂದು ಚೂರು ಎಂದ. ಕೊನೆಗೆ ತಾನೇ ಮುಸುಕು ಹಾಕಿಕೊಂಡು, ಪೈಪು ಇಸಿದುಕೊಂಡು, ಅಕ್ಷರದ ಸಾಲಿನ ಮೇಲೇ ಗುರಿಯಿಟ್ಟು ನಿಂತ. ಒಂದು ಸಾಲಿಗೆ ಎಷ್ಟು ಹೊತ್ತು ಹೊಡೆದನೋ ಅವನಿಗೇ ನೆನಪಿಲ್ಲ. ತುಕ್ಕು ಬಿಡುತ್ತಿದೆ ಅನ್ನುವ ಆ ಹಳೆಯ ಖುಷಿಯಲ್ಲಿ ಕೈ ತಾನಾಗಿ ಆಡುತ್ತಿತ್ತು.

ಧೂಳು ಇಳಿದ ಮೇಲೆ ನೋಡಿದರೆ ಕಲ್ಲು ಹಲ್ಲಿನ ಹಾಗೆ ಬೆಳ್ಳಗಿತ್ತು. ಬಿಲ್ಲಿನವನಿಗೆ ಮೂಗಿರಲಿಲ್ಲ. ಮೂರು ದನ ಮೂರು ಗುಬುಟಾಗಿದ್ದವು. ವಸಂತ್ ಅಕ್ಷರ ಇದ್ದ ಜಾಗವನ್ನು ಅಂಗೈಯಿಂದ ಒರೆಸಿದ. ಧೂಳು ಕೂತಿರಬೇಕೆಂದು ಊದಿದ. ಮೊಬೈಲಿನ ಟಾರ್ಚನ್ನು ಸೌಮ್ಯಾ ಹಿಡಿದಿದ್ದ ಹಾಗೇ ಪಕ್ಕದಿಂದ ಹಿಡಿದ. ಎರಡನೇ ಸಾಲಿನಲ್ಲಿ ‘ಮಗ’ ಕೂಡ ಇರಲಿಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಎಂದು ಬೇರೆಯವರ ವಿಷಯದಲ್ಲಿ ನಗಬಹುದು. ವಸಂತ್ ಟಾರ್ಚು ಆರಿಸಿ, ಮತ್ತೆ ಹಚ್ಚಿ, ಅದೇ ಜಾಗವನ್ನು ಇನ್ನೊಮ್ಮೆ ನೋಡಿದ. ಮುರಿಗೆಪ್ಪ ಕೆಳಗೆ ಬಿದ್ದ ಪುಡಿಯನ್ನು ಎಂದಿನಂತೆ ಗುಡಿಸಿ ಚೀಲಕ್ಕೆ ತುಂಬುವ ಬದಲು, ಬೇರೆ ಬಕೆಟ್ಟಿನಲ್ಲಿ ತುಂಬಿ ಮೂಲೆಯಲ್ಲಿಟ್ಟ.

ಕಲ್ಲನ್ನು ಮತ್ತೆ ನಿಲ್ಲಿಸಿ ಮೇಲೆ ಹಳೆಯ ಬೆಡ್‌ಶೀಟ್ ಹೊದಿಸಿದರು. ಟೀವಿಯವರು ಬರುವ ತನಕ ಮುಟ್ಟಬಾರದಂತೆ ಎಂದು ವಸಂತ್ ತಾಯಿಗೆ ಹೇಳಿದ. ಆ ಸೋಮವಾರ ಭದ್ರಮ್ಮ ಹಾಲಿನ ಚೊಂಬು ಹಿಡಿದುಕೊಂಡು ಬೆಡ್‌ಶೀಟಿನ ತನಕ ಹೋಗಿ ವಾಪಸ್ ಬಂದಳು. ಅವರು ಹೆಸರು ಓದುತ್ತಾರಲ್ಲ, ಒಂದು ವಾರ ಅವನೂ ಕಾಯಲಿ ಎಂದಳು.

ಶೂಟಿಂಗಿನ ದಿನ ಎರಡು ವ್ಯಾನು ಬಂದವು. ಸ್ಥಳೀಯ ತಜ್ಞರು ಎಂದು ಐಶ್ವರ್ಯಾ ಸೌಮ್ಯಾರನ್ನೂ ಕರೆಸಿದ್ದಳು. ಓರ್ಲಾ ಟೀವಿಯಲ್ಲಿ ಕಂಡ ಹಾಗೇ ಇದ್ದಳು. ಯಾರೂ ಹೇಳದೆಯೇ ಶೂ ಬಿಚ್ಚಿಟ್ಟು ಕಲ್ಲಿನ ಹತ್ತಿರ ಹೋದಳು. ದೇವರಾಜ್ ಶಾಲು ಹಾರ ಹಿಡಿದು ತಯಾರಾಗಿ ನಿಂತ. ಬೆಡ್‌ಶೀಟ್ ತೆಗೆದರು.

ಓರ್ಲಾ ಅಂಗೈಯನ್ನು ಕಲ್ಲಿನ ಮೇಲಿಟ್ಟವಳು ಬಹಳ ಹೊತ್ತು ತೆಗೆಯಲಿಲ್ಲ. ಸೌಮ್ಯಾ ಹತ್ತಿರ ಬಂದು ಎರಡನೇ ಸಾಲಿದ್ದ ಜಾಗವನ್ನು ಸವರಿ ನೋಡಿ, ಪಕ್ಕದ ಚಪ್ಪಡಿಯ ಮೇಲೆ ಕೂತುಬಿಟ್ಟರು. ಇದು ಯಾವಾಗ ಆಗಿದ್ದು ಎಂದು ಓರ್ಲಾ ಕೇಳಿದಳು. ಬಯರ್‌ಗಳ ಜೊತೆ ಮಾತಾಡಿ ಕಲಿತ ಇಂಗ್ಲಿಷಿನಲ್ಲಿ ವಸಂತ್, ನಮ್ಮ ತಾತನ ಕಾಲದಿಂದಲೂ ಹೀಗೇ ಇದೆ ಎಂದ. ಹಾಲು ಬಿಳುಪಿನ ಕಲ್ಲಿನ ಮುಂದೆ ನಿಂತು, ಕಲ್ಲು ನೋಡುವುದೇ ಕಸುಬಾದವಳಿಗೆ ಈ ಮಾತು. ಹೇಳುತ್ತಿರುವಾಗಲೇ ಅವನಿಗೆ ತನ್ನ ಬಾಯಿಯ ಮೇಲೆ ಹೇಸಿಗೆಯಾಯಿತು. ಏನು ಬರೆದಿತ್ತು ಎಂದು ಅವಳು ಮತ್ತೆ ಕೇಳಿದಳು. ಉತ್ತರ ಕೊಟ್ಟವರು ಸೌಮ್ಯಾ.

“ಒಂದೇ ಪದ ಓದಿದ್ದೆ. ಮಗ ಅಂತ. ಎರಡು ವರ್ಷದಿಂದ ಕೇಳ್ತಾ ಇದೀನಿ ಇವರನ್ನ, ಮೂರು ದಿನ ಕೊಡಿ ಸಾಕು ಅಂತ.”

ಕನ್ನಡದಲ್ಲಿ ವಸಂತನ ಮುಖ ನೋಡಿ ಹೇಳಿ, ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರು. ಓರ್ಲಾ ಯಾರನ್ನೂ ಬೈಯಲಿಲ್ಲ. ತಮ್ಮೂರಲ್ಲಿ ಇಂಥ ಕಲ್ಲುಗಳನ್ನು ರೈತರು ಗೇಟಿಗೆ ಕಂಬ ಮಾಡಿಕೊಂಡಿದ್ದರು, ಬಾಗಿಲಿಗೆ ತೊಲೆ ಮಾಡಿಕೊಂಡಿದ್ದರು, ಹಂದಿಗಳು ಮೈ ಉಜ್ಜಿಕೊಂಡಿದ್ದವು, ಆದರೂ ಹೆಸರು ಉಳಿದಿತ್ತು ಎಂದಳು. ಯಾರೂ ಚೊಕ್ಕ ಮಾಡಲು ಹೋಗಲಿಲ್ಲ, ಅದಕ್ಕೇ ಉಳಿಯಿತು ಎಂದಳು.

ಡೈರೆಕ್ಟರ್ ಮಾತ್ರ ಗಡಿಯಾರ ನೋಡಿಕೊಂಡ. ಇದೇನು ದೊಡ್ಡ ವಿಷಯವಲ್ಲ, ಬಣ್ಣ ಹಳೆಯದು ಮಾಡಬಹುದು, ಅಕ್ಷರವನ್ನು ಕಂಪ್ಯೂಟರಿನಲ್ಲಿ ಕೂರಿಸಬಹುದು, ಸಾಮಾನ್ಯವಾಗಿ ಇಂಥ ಕಲ್ಲಿನಲ್ಲಿ ಏನಿರುತ್ತದೋ ಅದನ್ನೇ ಈ ಮೇಡಂ ಬರೆದುಕೊಟ್ಟರೆ ಸಾಕು ಎಂದ. ಸೌಮ್ಯಾ ಎದ್ದು ಸ್ಕೂಟರ್ ಸ್ಟಾರ್ಟ್ ಮಾಡಿಕೊಂಡು ಹೊರಟೇಹೋದರು. ವ್ಯಾನಿನ ಹಿಂದೆ ಓರ್ಲಾ ಮತ್ತು ಡೈರೆಕ್ಟರ್ ಅರ್ಧ ಗಂಟೆ ಜಗಳವಾಡಿದರು. ಕಾಂಟ್ರ್ಯಾಕ್ಟು, ನಾಳಿನ ಫ್ಲೈಟು, ಮುಂದಿನ ದೇಶ ಎಂಬ ಮಾತುಗಳು ವಸಂತನ ಕಿವಿಗೂ ಬಿದ್ದವು. ಅವಳು ಬೇಡ ಎಂದು ಎದ್ದು ಹೋದರೆ ಸಾಕಪ್ಪ ಎಂದು ಅವನು ಮನಸ್ಸಿನಲ್ಲೇ ಹರಕೆ ಹೊತ್ತ. ಅವಳು ಹೋಗಲಿಲ್ಲ. ಮುಖ ತೊಳೆದುಕೊಂಡು ಬಂದು, ನಾನು ಅಕ್ಷರ ಓದಿದೆ ಅಂತ ಮಾತ್ರ ಹೇಳುವುದಿಲ್ಲ ಎಂದಳು. ಡೈರೆಕ್ಟರ್ ಧಾರಾಳವಾಗಿ ಒಪ್ಪಿಕೊಂಡ. ಕೆಸರಲ್ಲಿ ಮಂಡಿಯೂರುವವಳೂ ಕೊನೆಗೆ ಇಷ್ಟೇ ಎಂದು ವಸಂತನಿಗೆ ಅನ್ನಿಸಿತು. ಹಾಗೆ ಅಂದುಕೊಳ್ಳುವ ಯೋಗ್ಯತೆ ತನಗಿಲ್ಲ ಅನ್ನುವುದೂ ಜೊತೆಗೇ ಹೊಳೆಯಿತು.

ಕಲ್ಲನ್ನು ಹಳೆಯದು ಮಾಡಲು ಅವರಿಗೆ ಬೇಕಾದದ್ದು ಕೆಸರು ಮತ್ತು ಟೀ. ಗಟ್ಟಿ ಡಿಕಾಕ್ಷನ್, ಹಾಲು ಸಕ್ಕರೆ ಇಲ್ಲದ್ದು, ಒಂದು ಪಾತ್ರೆ ತುಂಬ. ವಸಂತ್ ಅಡುಗೆಮನೆಗೆ ಹೋಗಿ ತಾಯಿಗೆ, ಹತ್ತು ಜನಕ್ಕೆ ಬರೀ ಟೀ ನೀರು ಕಾಸಮ್ಮ, ಅವರು ಹಾಲು ಹಾಕಿಕೊಳ್ಳಲ್ಲ ಎಂದ. ಹೆಸರು ಓದಲು ಅಷ್ಟು ದೂರದಿಂದ ಬಂದವರು ಎಂದು ಭದ್ರಮ್ಮ ದೊಡ್ಡ ಪಾತ್ರೆಯನ್ನೇ ಇಟ್ಟಳು. ಕಣ್ಣು ಕಾಣದಿದ್ದರೂ ಕೈ ಸುಟ್ಟುಕೊಳ್ಳದೆ ಕಾಸಿದಳು. ಎರಡು ಏಲಕ್ಕಿಯನ್ನೂ ಜಜ್ಜಿ ಹಾಕಿದಳು. ಆ ಪಾತ್ರೆಯನ್ನು ವಸಂತನೇ ಎರಡು ಕೈಯಲ್ಲಿ ಎತ್ತಿಕೊಂಡು ಬಂದ. ಕ್ಯಾಮೆರಾ ಹುಡುಗರು ಪೊರಕೆ ಅದ್ದಿ ಅದ್ದಿ ವೀರನ ಮೈಗೆಲ್ಲ ಬಳಿದರು. ಕಲ್ಲಿನ ಕಾಲಡಿ ಕಂದು ನೀರು ಹರಿದು ಬೈಕುಗಳ ಕೆಳಗೆ ಹೋಯಿತು. ಕಲ್ಲಿನಿಂದ ಏಲಕ್ಕಿಯ ವಾಸನೆ ಹೊಡೆಯಿತು, ವಸಂತ್ ಖಾಲಿ ಪಾತ್ರೆ ಎತ್ತಿಕೊಂಡು ಟ್ರಾನ್ಸ್‌ಫಾರ್ಮರಿನ ಹಿಂದೆ ಹೋಗಿ ನಿಂತ.

ಮರುಸೋಮವಾರ ಭದ್ರಮ್ಮ ಕಲ್ಲಿಗೆ ಹಾಲು ಹೊಯ್ದು ಬಂದಳು. ಅಂದು ಎಂದಿಗಿಂತ ತಡವಾಯಿತು. ಮಧ್ಯಾಹ್ನ ಮುದ್ದೆಯನ್ನು ಅರ್ಧಕ್ಕೇ ಬಿಟ್ಟಳು. ಅಲ್ಲಿಂದ ಮುಂದೆ ಆಕೆ ಮನೆಯಲ್ಲಿ ಟೀ ಕುಡಿಯುವುದನ್ನು ಬಿಟ್ಟುಬಿಟ್ಟಳು. ಗ್ಯಾಸ್ಟ್ರಿಕ್ ಇರಬೇಕೆಂದು ವಸಂತ್ ತನಗೆ ತಾನೇ ಹೇಳಿಕೊಂಡ.

ಏಳು ತಿಂಗಳ ಮೇಲೆ ಕಾರ್ಯಕ್ರಮ ಬಂತು, ಕನ್ನಡದಲ್ಲೂ ಬಂತು. ದೇವರಾಜ್ ಬಾಡಿಗೆಯವರನ್ನು, ನೆಂಟರನ್ನು ಎಲ್ಲ ಸೇರಿಸಿ ವಸಂತನ ಮನೆಯ ನಡುಮನೆಯಲ್ಲಿ ಕುರ್ಚಿ ಹಾಕಿಸಿದ. ಭದ್ರಮ್ಮ ಟೀವಿಯ ಪಕ್ಕದಲ್ಲೇ ಕೂತಳು. ಡ್ರೋನು ಪೀಣ್ಯದ ಶೀಟುಗಳ ಮೇಲಿಂದ ಇಳಿಯಿತು. ಟೀ ಬಳಿದ ಕಲ್ಲು ಸಂಜೆ ಬಿಸಿಲಲ್ಲಿ ನಿಜವಾಗಿಯೂ ಸಾವಿರ ವರ್ಷದ್ದಾಗಿ ಕಂಡಿತು. ಓರ್ಲಾ ಮಂಡಿಯೂರಿ, ಕ್ಯಾಮೆರಾ ನೋಡದೆ, ಚಿಕ್ಕದಾಗಿ ಏನೋ ಹೇಳಿದಳು. ಆ ದಿನ ಅವಳು ಹೇಳಿದ್ದು ವಸಂತನಿಗೆ ಗೊತ್ತಿತ್ತು. ಇಲ್ಲಿ ಒಬ್ಬ ಮನುಷ್ಯನ ಹೆಸರಿತ್ತು ಎಂದಷ್ಟೇ ಹೇಳಿದ್ದಳು. ಆದರೆ ಅವಳ ತುಟಿ ನಿಂತ ಮೇಲೂ ಕನ್ನಡದ ದನಿ ನಾಲ್ಕು ವಾಕ್ಯ ಮುಂದುವರಿಯಿತು. ಕಲ್ಲಿನ ಮೇಲೆ ಬಂಗಾರದ ಬಣ್ಣದ ಅಕ್ಷರ ಒಂದೊಂದಾಗಿ ಹೊತ್ತಿಕೊಂಡವು. ಇವನೇ ಮಹಾಶೂರ ರಣಮಲ್ಲ ಗಾವುಂಡ, ಶತ್ರುಸೈನ್ಯವನ್ನು ಒಬ್ಬನೇ ತಡೆದವನು ಎಂದು ದನಿ ಗುಡುಗಿತು. ದನಗಳ ಸುದ್ದಿಯೇ ಇರಲಿಲ್ಲ. ಸೇರಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಭದ್ರಮ್ಮ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದಳು.

ಅಂದು ಸೌಮ್ಯಾರಿಂದ ವಸಂತನ ಮೊಬೈಲಿಗೆ ಒಂದೇ ಸಾಲಿನ ಮೆಸೇಜು ಬಂತು, ಆ ಹೆಸರು ಯಾರು ಕೊಟ್ಟಿದ್ದು ಅಂತ. ಅವನು ಅದನ್ನು ಅಳಿಸಿದ.

ಕಲ್ಲಿನ ಮುಂದೆ ಸೆಲ್ಫಿ ತೆಗೆದುಕೊಳ್ಳಲು ಜನ ಬರತೊಡಗಿದರು. ಬಂದವರೆಲ್ಲ ಅಕ್ಷರ ಎಲ್ಲಿ ಎಂದು ಕೇಳುವವರೇ. ಟೀವಿಯಲ್ಲಿ ಹೊಳೆಯುತ್ತಿತ್ತಲ್ಲ ಎನ್ನುವವರೇ. ದೇವರಾಜ್ ಉಪಾಯ ಹೇಳಿದ. ಟೀವಿಯಲ್ಲಿ ಬಂದ ಹಾಗೇ ಅದೇ ಜಾಗದಲ್ಲಿ ಕೆತ್ತಿಸಿ ಗೋಲ್ಡ್ ಬಣ್ಣ ತುಂಬಿಸಿಬಿಡೋಣ, ಯಾವನಿಗೆ ಗೊತ್ತಾಗುತ್ತೆ ಗುರು ಎಂದ. ಇದನ್ನು ಕೇಳಿ ವಸಂತನಿಗೆ ಮೈಯೆಲ್ಲ ಜಿಡ್ಡು ಮೆತ್ತಿದ ಹಾಗಾಯಿತು. ಆದರೂ ಒಪ್ಪಿದ. ಸತ್ಯ ಹೇಳಬೇಕೆಂದರೆ, ಅವನಿಗೆ ಎಲ್ಲಕ್ಕಿಂತ ಮೊದಲು ಬೇಕಾಗಿದ್ದದ್ದು ತಾಯಿಯ ಬೆರಳಿಗೆ ಸಿಗುವ ಯಾವುದಾದರೂ ಗುಳಿ. ಸುಳ್ಳಿನದಾದರೂ ಸರಿ, ಹಾಲು ಎಲ್ಲಾದರೂ ಒಂದು ಗಳಿಗೆ ನಿಂತರೆ ಸಾಕಾಗಿತ್ತು.

ಕೆತ್ತುವವನು ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಕಂಪ್ಯೂಟರಿನಲ್ಲಿ ಮಾಡಿಸಿದ ಅಕ್ಷರದ ಹಾಳೆಯನ್ನು ಕಲ್ಲಿಗೆ ಅಂಟಿಸಿ ಉಳಿ ತೆಗೆದಿದ್ದ. ಅಷ್ಟರಲ್ಲಿ ಭದ್ರಮ್ಮ ಗೋಡೆ ತಡವುತ್ತಾ ಹಾಲಿನ ಚೊಂಬು ಹಿಡಿದು ಬಂದಳು. ಸ್ವಲ್ಪ ತಡೀರಪ್ಪ ಎಂದು ಅವನಿಗೆ ಹೇಳಿ, ಅಂಟಿಸಿದ್ದ ಹಾಳೆಯನ್ನು ಕೈಯಲ್ಲಿ ಹುಡುಕಿ ಕಿತ್ತು ಅವನಿಗೇ ಕೊಟ್ಟಳು. ಆಮೇಲೆ ಮಗನನ್ನು ಕರೆದು, ಅವನ ಬಲಗೈ ಹಿಡಿದು, ನಾಲ್ಕು ಬೆರಳನ್ನು ಕಲ್ಲಿನ ಮೇಲೆ, ಸರಿಯಾಗಿ ಎರಡನೇ ಸಾಲು ಇದ್ದ ಜಾಗದಲ್ಲಿ ಒತ್ತಿಟ್ಟಳು. ಕಣ್ಣು ಕಾಣದವಳಿಗೆ ಆ ಜಾಗ ಒಂದು ಎಳೆಯೂ ತಪ್ಪಲಿಲ್ಲ.

“ಟೀವೀಲಿ ಓದುದ್ರಲ್ಲ. ಈಗ ನೀನ್ ಓದು.”

ಆಕೆ ಕಲ್ಲಿನ ನೆತ್ತಿಗೆ ಹಾಲು ಹೊಯ್ದಳು. ಹಾಲು ಎಲ್ಲೂ ನಿಲ್ಲದೆ ಸರ್ರನೆ ಇಳಿದು, ಅವನ ಬೆರಳುಗಳ ಮೇಲೆ ಹರಿದು, ಮೊಣಕೈಯಿಂದ ತೊಟ್ಟಿಕ್ಕಿತು. ನಿಂತಿತೇನಪ್ಪ ಎಂದು ಕೇಳಿದಳು. ಇಲ್ಲ ಎಂದ. ನಲವತ್ತೈದು ವರ್ಷದ ಗಂಡಸು, ಬಾಡಿಗೆಯವರ ಮುಂದೆ, ಕೆತ್ತುವವನ ಮುಂದೆ ಬಿಕ್ಕಿದ.

“ನಾನೇ ಅಮ್ಮ ಅಳಿಸ್ಬಿಟ್ಟಿದ್ದು. ಶೆಡ್ಡಿಗೆ ತಗೊಂಡೋಗಿ ನನ್ ಕೈಯಾರೆ ಅಳಿಸ್ಬಿಟ್ಟೆ.”

ಭದ್ರಮ್ಮ ಹೂಂ ಎಂದಳು. ಕೆತ್ತುವವನ ಕಡೆ ತಿರುಗಿ, ನೀನು ಹೋಗಪ್ಪ, ಇಲ್ಲಿ ನಿನಗೆ ಕೆಲಸ ಇಲ್ಲ ಎಂದಳು. ಅವನು ವಸಂತನ ಮುಖ ನೋಡಿದ, ವಸಂತ್ ತಲೆಯಾಡಿಸಿದ ಮೇಲೆ ಉಳಿ ಚೀಲಕ್ಕೆ ಹಾಕಿಕೊಂಡು ಹೋದ.

“ಎಸ್ರು ಗೊತ್ತಿಲ್ದೋನ್ಗೆ ಇಷ್ಟ್ ದಿನ ಹಾಲುಯ್ದೆ, ಅದೇನ್ ತಪ್ಪಲ್ಲ” ಎಂದಳು ಭದ್ರಮ್ಮ. “ಯಾವನ್ದೋ ಎಸ್ರಿಕ್ಕಿ ಉಯ್ದ್ರೆ ಅದು ಎಂಜ್ಲು. ಎಂಜ್ಲಿಕ್ಬ್ಯಾಡ ಅವ್ನಿಗೆ.”

ನಿನಗೆ ಯಾವಾಗ ಗೊತ್ತಾಯಿತು ಎಂದು ವಸಂತ್ ಕೇಳಿದ. ಆಕೆ ಸೆರಗಿನಿಂದ ಅವನ ಕೈ ಒರೆಸಲಿಲ್ಲ, ಮುಖವನ್ನೂ ಒರೆಸಲಿಲ್ಲ.

“ಅವತ್ತೇ ಗೊತ್ತಾಯ್ತು. ಏಲಕ್ಕಿ ವಾಸ್ನೆ ಬತ್ತಿತ್ತು ಅವ್ನ ಮೈಯಿಂದ. ಕಾಸ್ಕೊಟ್ಟೋಳು ನಾನೇ ಅಲ್ವ?”

ಚೊಂಬಿನಲ್ಲಿ ಇನ್ನೂ ಸ್ವಲ್ಪ ಹಾಲಿತ್ತು. ಅದನ್ನು ಮಗನ ಕೈಗೆ ಕೊಟ್ಟು, ಗೋಡೆ ತಡವುತ್ತಾ ಮನೆಯ ಕಡೆ ನಡೆದಳು.